ಹಿಂಬಾಗಿಲಿಗೆ ಬಾರದ ಕಾರು

ಆ ಮನೆಗೆ ಎರಡು ಬಾಗಿಲು. ಕೊಳೆಯಾದ ಬಟ್ಟೆ ಹಿಂಬಾಗಿಲಿನಿಂದ ಒಳಗೆ ಬರಬೇಕು, ಒಗೆದು ಮಡಿಸಿದ್ದು ಮುಂಬಾಗಿಲಿನಿಂದ ಹೊರಗೆ ಹೋಗಬೇಕು. ನಡುವೆ ಕುದಿಯುವ ಹಂಡೆ, ಒಗೆಯುವ ಎರಡು ಯಂತ್ರ, ತಂತಿ ಎಳೆದ ಅಂಗಳ, ಇಸ್ತ್ರಿಯ ಮೇಜು, ಮಡಿಸುವ ಮೇಜು. ಇವುಗಳ ಸಂದಿಗೊಂದಿಯಲ್ಲಿ ಹೇಗೋ ಒಂದು ಸಂಸಾರ. ಊಟದ ಮೇಜು ಕೂಡ ಅಡುಗೆಮನೆಯ ಮೂಲೆಗೆ ಒತ್ತರಿಸಿಕೊಂಡು, ಬಾಡಿಗೆ ಬಾಕಿ ಉಳಿಸಿಕೊಂಡವರ ಹಾಗೆ ನಿಂತಿತ್ತು.

ಬೀದಿಯವರೆಲ್ಲ ಲಾಂಡ್ರಿಯಮ್ಮ ಎಂದು ಕರೆಯುತ್ತಿದ್ದ ಮನೆಯೊಡತಿ ಈ ಎರಡು ಬಾಗಿಲುಗಳ ವಿಷಯದಲ್ಲಿ ಯಾರ ಮಾತಿಗೂ ಬಗ್ಗಿದವಳಲ್ಲ. ಬಟ್ಟೆ ಬರುತ್ತಿದ್ದದ್ದು ಊರಾಚೆಯ ದಿಬ್ಬದ ಮೇಲಿನ ಶುಶ್ರೂಷಾಲಯದಿಂದ. ಅಲ್ಲಿರುವವರೆಲ್ಲ ವಯಸ್ಸಾದವರು, ಹಲವರು ಹಾಸಿಗೆ ಹಿಡಿದವರು. ಅವರ ಚಾದರಗಳ ಮೇಲೆ ಏನೇನಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಕಂಡು ಅವಳು ಎಂದೂ ಮೂಗು ಮುರಿದಿರಲಿಲ್ಲ. "ಮೈ ಅಂದಮೇಲೆ ಸೋರುತ್ತೆ. ಅದಕ್ಕೇನು?" ಎನ್ನುತ್ತಿದ್ದಳು. ಅವಳ ಹೊಟ್ಟೆ ತೊಳಸುತ್ತಿದ್ದದ್ದು ಸೋರಿದ್ದು ತಾಗಬಾರದ ಕಡೆ ತಾಗಿದಾಗ.

ಚಳಿ ಇನ್ನೂ ಹಲ್ಲು ಕಡಿಸದಿದ್ದ ದಿನಗಳಲ್ಲಿ ಅವರ ಹಳೆಯ ವ್ಯಾನು ಕೊನೆಯುಸಿರೆಳೆಯಿತು. ಅದರ ಒಳಗೂ ಅಡ್ಡ ಹಲಗೆ ಹೊಡೆಸಿದ್ದಳು: ಹಿಂದೆ ಕೊಳೆ, ಮುಂದೆ ಶುಚಿ. ಶುಶ್ರೂಷಾಲಯದ ಮೇಟ್ರನ್ ಅದೇ ವಾರ ಒಂದು ಮಾತು ಹೇಳಿ ಕಳಿಸಿದ್ದಳು. ದೊಡ್ಡ ಯಂತ್ರಗಳ ಕಂಪನಿಯೊಂದು ಈ ಕೆಲಸಕ್ಕೆ ಕಣ್ಣು ಹಾಕಿದೆ, ಒಂದು ಬಟ್ಟೆಗಂಟು ಕೆಟ್ಟರೂ ಕೆಲಸ ಅವರಿಗೆ.

ಆ ರಾತ್ರಿಯ ಊಟದಲ್ಲಿ ಲಾಂಡ್ರಿಯಮ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಅಳಿಯನಿಗೆ ಹೇಳಿದಳು: "ಹಳೇದಾದ್ರೂ ಪರವಾಗಿಲ್ಲ. ನೋಡೋಕೆ ಹೇಗಾದ್ರೂ ಇರ್ಲಿ. ವರ್ಷದ ಅಷ್ಟೂ ದಿನ ಓಡ್ಬೇಕು. ಮಳೆ ಬರ್ಲಿ, ಚಳಿ ಬರ್ಲಿ, ಓಡ್ಬೇಕು. ಅಷ್ಟೇ ನಂದು."

ಅಳಿಯ ತಲೆಯಾಡಿಸಿದ. ಮದುವೆಯಾದಂದಿನಿಂದ ಈ ಮನೆಯಲ್ಲೇ ಇದ್ದು, ವ್ಯಾನು ಓಡಿಸುತ್ತ, ಕೂದಲು ಬಾಚುತ್ತ, ಯಾರ ಕಣ್ಣಿಗೂ ಹೆಚ್ಚು ಬೀಳದೆ ಬದುಕಿದವನು ಅವನು. "ಮಾವನೂ ಜೊತೇಲಿ ಬರ್ಲಿ ಅತ್ತೆ, ಹಿರಿಯರ ಕಣ್ಣು ಬೇಕು," ಎಂದ. ಲಾಂಡ್ರಿಯಮ್ಮನಿಗೆ ಸಮಾಧಾನವಾಯಿತು. ಅವಳ ಗಂಡ ಜೀವಮಾನವೆಲ್ಲ ಇಸ್ತ್ರಿ ಹಿಡಿದವನು. ಒಂದು ಸುಕ್ಕೂ ಅವನ ಕಣ್ಣು ತಪ್ಪಿಸಿದ್ದಿಲ್ಲ.

ಎರಡು ದಿನ ಬಿಟ್ಟು ವಾಹನ ಬಂತು. ಕಣ್ಣಿಗೆ ಬೀಳುವ ಮೊದಲು ಸದ್ದು ಬಂತು. ಕಪಾಟಿನ ಲೋಟಗಳು ಒಂದಕ್ಕೊಂದು ತಾಕಿ ನಡುಗಿದವು. ಲಾಂಡ್ರಿಯಮ್ಮ, ಮಗಳು, ಮೊಮ್ಮಗಳು ಮೂವರೂ ಒದ್ದೆ ಕೈಯಲ್ಲೇ ಮುಂಬಾಗಿಲಿಗೆ ಓಡಿದರು.

ಬೀದಿಯಲ್ಲಿ ನಿಂತಿದ್ದದ್ದು ಹಳದಿ ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ, ಅಗಲ ಚಕ್ರಗಳ ಓಟದ ಕಾರು. ಮೂರು ಮಾಲೀಕರ ಕೈ ದಾಟಿ ಬಂದಿತ್ತು. ಮುಂದೆ ಎರಡು ದೀಪಗಳು ದುರುಗುಟ್ಟುತ್ತಿದ್ದವು.

"ಅಯ್ಯೋ, ಕಪ್ಪೆ!" ಎಂದಳು ಮೊಮ್ಮಗಳು.

"ಉಳಿದರ್ಧ ಎಲ್ಲಿ?" ಎಂದಳು ಲಾಂಡ್ರಿಯಮ್ಮ.

ಅಳಿಯ ಒಳಗಿನಿಂದ ಮೊದಲು ಕಾಲು, ಆಮೇಲೆ ತಲೆ, ಆಮೇಲೆ ಉಳಿದ ಮೈ ಹೊರಗೆ ತೆಗೆದ. ಅವನ ಮುಖದಲ್ಲಿ ಯಾರೂ ಎಂದೂ ಕಾಣದ ಕಳೆ ಇತ್ತು. "ಅತ್ತೆ, ನೀವೇ ಹೇಳಿದ್ರಲ್ಲ, ವರ್ಷಪೂರ್ತಿ ಓಡ್ಬೇಕು ಅಂತ. ಮಾರಿದೋರೂ ಅದನ್ನೇ ಹೇಳಿದ್ರು. ಕೆಲವರು ಇಂಥಾ ಕಾರನ್ನ ಮುಸುಕು ಹಾಕಿ ಇಟ್ಬಿಟ್ಟು ರಜಾ ದಿನ ಮಾತ್ರ ತೆಗೀತಾರಂತೆ. ಇದು ಹಾಗಲ್ಲ. ದಿನಾ ಓಡ್ಸಿದ್ರೇನೇ ಆರೋಗ್ಯವಂತೆ."

"ಯಾರ ಆರೋಗ್ಯ?"

"ಕಾರಿಂದು."

"ಎಷ್ಟು ಸೀಟು?"

"ಎರಡು."

"ಗಂಟು ಎಲ್ಲಿಡ್ತೀರಿ?"

ಅಳಿಯ ಮುಂದಿನ ಮುಚ್ಚಳ ಎತ್ತಿದ. ಒಳಗೆ ಒಂದು ಸೂಟ್‌ಕೇಸಿಗೆ ಆಗುವಷ್ಟು ಗುಂಡಿ. "ಎಂಜಿನ್ ಹಿಂದಿದೆ ಅತ್ತೆ. ಅದಕ್ಕೇ ಸಾಮಾನು ಮುಂದೆ. ತೂಕ ಸಮ ಇರ್ಲಿ ಅಂತ."

"ತೂಕ ಸಮ ಇದೆಯಂತೆ ನೋಡೇ," ಎಂದು ಲಾಂಡ್ರಿಯಮ್ಮ ಮಗಳ ಕಡೆ ತಿರುಗಿದಳು. "ನಿನ್ನ ಗಂಡಂಗೆ ತಲೇಲಿ ಏನಿದೆ ಅಂತ ಈಗ ಗೊತ್ತಾಯ್ತಾ?"

ಮಗಳು ಬಾಯಿಗೆ ಸೆರಗೊತ್ತಿಕೊಂಡು ನಿಂತಿದ್ದಳು. ನಗುವೋ ಅಳುವೋ ಹೇಳುವಂತಿರಲಿಲ್ಲ.

ಲಾಂಡ್ರಿಯಮ್ಮ ಗಂಡನನ್ನು ಹುಡುಕಿದಳು. ಅವನು ಕಾರಿನ ಆಚೆ ಬದಿಯಲ್ಲಿ ಬಗ್ಗಿ ನಿಂತು ಅದರ ಬಾಗಿದ ಹೆಗಲನ್ನು ಅಂಗೈಯಲ್ಲಿ ಸವರುತ್ತಿದ್ದ. ಒಳ್ಳೆಯ ಹತ್ತಿಯ ಅಂಗಿಗೆ ಇಸ್ತ್ರಿ ಮುಗಿದಾಗ ಕೊನೆಯ ಸಲ ಕೈ ಆಡಿಸುತ್ತಾನಲ್ಲ, ಹಾಗೆ.

"ರೀ, ನೀವೂ ಹೋಗಿದ್ರಲ್ಲ? ಕಣ್ಣು ಮನೇಲಿ ಬಿಟ್ಟು ಹೋಗಿದ್ರಾ?"

"ನೋಡೇ," ಎಂದ ಅವನು, ತಲೆಯೆತ್ತದೆ. "ಇಷ್ಟು ವರ್ಷ ಬೇರೆಯವರ ಕಾಲರ್ ತೀಡಿದೀನಿ. ಒಂದು ಸಾರಿ..." ಮಾತು ಅಲ್ಲಿಗೇ ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ.

ತಿರುಗಿ ಕೊಡುವಂತಿರಲಿಲ್ಲ, ಮಾರಿದವನು ಊರು ಬಿಟ್ಟಿದ್ದ. ಅಳಿಯ ಕಾರನ್ನು ಹಿಂದಿನ ಓಣಿಗೆ ತಿರುಗಿಸಿದ. ಓಣಿಯ ಬಾಯಲ್ಲಿ ಚರಂಡಿಗೆ ಹಾಸಿದ ಕಲ್ಲುಚಪ್ಪಡಿಯ ಉಬ್ಬೊಂದಿತ್ತು. ವ್ಯಾನು ಅದನ್ನು ದಿನವೂ ಗೊಣಗದೆ ಹತ್ತಿಳಿಯುತ್ತಿತ್ತು. ಕಾರಿನ ಹೊಟ್ಟೆ ಅದಕ್ಕೆ ಸಿಕ್ಕಿ ಕರಕರ ಎಂದಿತು. ಅಳಿಯನ ಬಾಯಿಂದ ಬಂದ ಕೂಗು ಕೇಳಿ ಅಕ್ಕಪಕ್ಕದವರು ಯಾರಿಗೋ ಏಟಾಯಿತೆಂದು ಹೊರಗೆ ಬಂದರು. ನಾಲ್ಕು ಜನ ಸೇರಿ ಹಿಂದಕ್ಕೆ ಎಳೆದರು. ಅಲ್ಲಿಂದ ಮುಂದೆ ಕಾರು ನಿಂತದ್ದು ಮುಂಬಾಗಿಲಲ್ಲೇ.

"ಕೊಳೆ ಗಂಟು?" ಎಂದಳು ಲಾಂಡ್ರಿಯಮ್ಮ.

"ಓಣಿ ಸುತ್ತಿಕೊಂಡು ಹೆಗಲ ಮೇಲೆ ತರ್ತೀನಿ ಅತ್ತೆ. ಎಷ್ಟು ದೂರ, ಹತ್ತು ಹೆಜ್ಜೆ."

ಹತ್ತು ಹೆಜ್ಜೆಯಾಗಿರಲಿಲ್ಲ. ಬೀದಿಯ ಕೊನೆವರೆಗೆ ಹೋಗಿ, ಚಪ್ಪಲಿ ಅಂಗಡಿ ದಾಟಿ, ಓಣಿ ಹೊಕ್ಕು ಬರಬೇಕು. ಆದರೂ ಮೊದಲ ವಾರ ಅವನು ತಂದ. ವ್ಯಾನಿನಲ್ಲಿ ಒಂದೇ ಸುತ್ತಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ಸುತ್ತು. ಶುಚಿಗಂಟು ಮುಂದಿನ ಗುಂಡಿಗೆ, ಕೊಳೆಗಂಟು ಪಕ್ಕದ ಸೀಟಿಗೆ. ತಿರುವಿನಲ್ಲಿ ಗಂಟು ಉರುಳಬಾರದೆಂದು ಅದಕ್ಕೆ ಬೆಲ್ಟು ಬಿಗಿಯುತ್ತಿದ್ದ.

"ಅಪ್ಪ, ಪಕ್ಕದಲ್ಲಿ ಕೂತಿರೋ ಅಜ್ಜಿ ಯಾರು?" ಎಂದು ಮೊಮ್ಮಗಳು ಕೇಳುತ್ತಿದ್ದಳು.

"ಸುಮ್ನಿರೇ."

"ಪಾಪ, ಕಿಟಕಿ ತೆಗೀರಿ. ಅವರಿಗೆ ಉಸಿರು ಕಟ್ಟುತ್ತೆ."

ಉಸಿರು ಕಟ್ಟುತ್ತಿದ್ದದ್ದು ಅಳಿಯನಿಗೆ. ಎಂಜಿನ್ ಬೆನ್ನಿಗೇ ಇದ್ದು ಒಳಗೆಲ್ಲ ಬೆಚ್ಚಗಾಗಿ, ಒದ್ದೆ ಚಾದರಗಳು ಅಲ್ಲೇ ಹದವಾಗಿ ಬೇಯುತ್ತಿದ್ದವು. ಸಿಗ್ನಲ್ ದೀಪದ ಹತ್ತಿರ ಪಡ್ಡೆಗಳು ಕಾರಿನ ಚಂದ ನೋಡಲು ಓಡಿಬಂದು, ಕಿಟಕಿಗೆ ಮುಖವಿಟ್ಟು, ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದರು. ಅವನು ಪರಿಮಳದ ಸೀಸೆಯೊಂದನ್ನು ತೂಗುಹಾಕಿದ. ಈಗ ಕಾರಿನಿಂದ ಮಲ್ಲಿಗೆ ಹಾಸಿದ ಪಾಯಿಖಾನೆಯ ವಾಸನೆ ಬರತೊಡಗಿತು.

ಇಷ್ಟಾದರೂ ಸಂಜೆ ಊಟದ ಹೊತ್ತಿಗೆ ಇಬ್ಬರು ಗಂಡಸರ ಮಾತು ಬೇರೆ ಇರಲಿಲ್ಲ.

"ಇವತ್ತು ದಿಬ್ಬ ಹತ್ತುವಾಗ ನೋಡ್ಬೇಕಿತ್ತು ಮಾವ, ಬಾಣ."

"ತಿರುವಲ್ಲಿ?"

"ಅಂಟಿಕೊಂಡ ಹಾಗೆ."

"ಆ ಸದ್ದು ಇದೆಯಲ್ಲ, ಮೂರನೇ ಗೇರಲ್ಲಿ..." ಎಂದು ಯಜಮಾನ ಬ್ರೆಡ್ಡಿನ ತುಂಡನ್ನು ಗಾಳಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದ. ಅದ್ದಿದ ತುಂಡಿನಿಂದ ಎಣ್ಣೆ ಗಡ್ಡಕ್ಕಿಳಿಯುತ್ತಿತ್ತು. ಲಾಂಡ್ರಿಯಮ್ಮ ಅದನ್ನು ನೋಡುತ್ತಿದ್ದಳು. ಇಷ್ಟು ಕಾಲ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ ತಿನ್ನುವಾಗ ಹೀಗೆ ಚಪ್ಪರಿಸುತ್ತಾನೆಂದು ಅವಳಿಗೆ ಹಿಂದೆಂದೂ ಕೇಳಿಸಿರಲಿಲ್ಲ.

"ಊಟ ಮಾಡೋವಾಗ ಬಾಯಿ ಮುಚ್ಚಿ," ಎಂದಳು.

"ಏನಾಯ್ತೇ?"

"ಏನಿಲ್ಲ. ಕಾಣಿಸ್ತಿದೆ."

ಮಳೆ ಹಿಡಿಯಿತು. ಅದರ ಬೆನ್ನಿಗೆ ಚಳಿ. ಅಗಲ ಚಕ್ರಗಳು ಒದ್ದೆ ಎಲೆಗಳ ಮೇಲೆ ಜಾರಿದವು, ನಾಲ್ಕಕ್ಕೂ ಹೊಸ ಟೈರು ಹಾಕಿಸಬೇಕಾಯಿತು. ಮುಂಗಾಜು ಮಂಜು ಕಟ್ಟಿತು. ಬೆಳಿಗ್ಗೆ ಕಾರು ಕೆಮ್ಮಿ ಕೆಮ್ಮಿ ನಿಂತರೆ ಮಗಳು ಹಂಡೆಯ ಮುಂದಿನಿಂದ ಎದ್ದು ಬಂದು ತಳ್ಳಬೇಕು.

"ಓಡಿಸೋದು ನೀವು, ತಳ್ಳೋದು ನಾನು!" ಎಂದು ಮಗಳು ಬೀದಿಯಲ್ಲೇ ಕೂಗಿದಳು ಒಂದು ದಿನ. "ಕಾಲಿಗೆ ಬೂಟಿಲ್ಲದೆ ಮಗಳು ಕಾಲೇಜಿಗೆ ಹೋಗ್ತಾಳೆ, ನಿಮ್ಮ ಕಪ್ಪೆಗೆ ನಾಲ್ಕು ಕಾಲಿಗೂ ಹೊಸ ಬೂಟು!"

"ಮೆತ್ತಗೆ ಮಾತಾಡೇ, ಜನ ನೋಡ್ತಾರೆ."

"ನೋಡ್ಲಿ ಅಂತಾನೇ ಅಲ್ವಾ ತಂದಿದ್ದು?"

ಅದೇ ವಾರ ಲಾಂಡ್ರಿಯಮ್ಮ ಒಗೆಯುವ ಯಂತ್ರದಿಂದ ಒಂದು ದಿಂಬಿನ ಚೀಲ ತೆಗೆದಳು. ಒಗೆದು ಒಗೆದು ರೇಷ್ಮೆಯಷ್ಟು ಮೆತ್ತಗಾದ ಹಳೆಯ ಚೀಲ. ಹಾಸಿಗೆ ಹಿಡಿದವರ ಕೆನ್ನೆಗೆಂದೇ ಅಂಥವನ್ನು ಬೇರೆ ಎತ್ತಿಡುತ್ತಿದ್ದಳು. ಈಗ ಅದರ ತುಂಬ ಹಳದಿ ಜಿಡ್ಡು, ಮೇಣದ ಹೊಳಪು. ಕುದಿಸಿದರೂ ಬಿಡಲಿಲ್ಲ.

"ಯಾರ ಕೆಲಸ ಇದು?" ಎಂದು ಇಸ್ತ್ರಿಯ ಮೇಜಿನ ಮೇಲೆ ಎಸೆದಳು.

ಅಳಿಯ ಮಾವನ ಮುಖ ನೋಡಿದ. ಮಾವ ಇಸ್ತ್ರಿಯ ಬಿಸಿ ನೋಡಿದ. "ಒರಟು ಬಟ್ಟೇಲಿ ಮೇಣ ಒರೆಸಿದ್ರೆ ಕಾರಿಗೆ ಗೀರು ಬೀಳುತ್ತಂತೆ," ಎಂದ ಕೊನೆಗೆ. "ಒಂದೇ ಒಂದು ತಗೊಂಡಿದ್ದೆ. ಹಳೇದು."

"ಅದು ಯಾರ ಮುಖದ ಕೆಳಗೆ ಇರೋದು, ಗೊತ್ತಾ?"

"ಇಷ್ಟಕ್ಕೆಲ್ಲ ಯಾಕೆ ಮುಖ ಗಂಟಿಕ್ತೀಯ? ನನ್ನ ದಿಂಬಿನ ಚೀಲ ಕೊಟ್ಬಿಡು ಅವರಿಗೆ."

ಅವಳು ಆ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಒಲೆಗೆ ಹಾಕಿದಳು. ಅಂದಿನಿಂದ ಮಲಗುವಾಗ ಗೋಡೆಯ ಕಡೆ ತಿರುಗಿದಳು. ಅವನ ಬೆರಳ ಸಂದಿಯಲ್ಲಿ ಮೇಣದ ವಾಸನೆ ಇರುತ್ತಿತ್ತು.

ಆಮೇಲೆ ಶುರುವಾದದ್ದು ಇನ್ನೊಂದು ವಾಸನೆ. ಮುಂದಿನ ಕೋಣೆಯಲ್ಲಿ, ಮಡಿಸುವ ಮೇಜಿನ ಆಸುಪಾಸಿನಲ್ಲಿ. ತೆಳುವಾದದ್ದು, ಬಂದು ಹೋಗುವಂಥದ್ದು.

"ಏನೋ ನಾತ," ಎಂದಳು ಊಟಕ್ಕೆ ಕೂತಾಗ.

"ಹಂಡೇದಿರ್ಬೇಕು," ಎಂದ ಅಳಿಯ.

"ನನ್ನ ಹಂಡೆ ನನಗೆ ಗೊತ್ತಿಲ್ವಾ? ಮುಂದಿನ ಕೋಣೇದು."

ಯಜಮಾನ ನಕ್ಕ. "ನಿನ್ನ ಮೂಗಿಗೂ ವಯಸ್ಸಾಯ್ತು ಕಣೇ. ಎಲ್ಲಿದ್ದದ್ದು ಎಲ್ಲೋ ಬರ್ತಿದೆ."

ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ತಾತ ಅವಳ ತಟ್ಟೆಗೆ ತನ್ನ ಮೊಟ್ಟೆಯ ಅರ್ಧ ಹಾಕಿದ. ಅವಳು ಅದನ್ನು ತಿನ್ನಲಿಲ್ಲ; ಮಾತನ್ನೂ ಆಡಲಿಲ್ಲ.

ಲಾಂಡ್ರಿಯಮ್ಮ ಆ ವಾರವೆಲ್ಲ ತನ್ನ ಮೂಗನ್ನು ಪರೀಕ್ಷಿಸಿದಳು. ಈರುಳ್ಳಿ ಮೂಸಿದಳು, ಸೋಪು ಮೂಸಿದಳು, ಹಾಲು ಮೂಸಿದಳು. ಎಲ್ಲ ಸರಿಯಾಗಿತ್ತು. ಆದರೂ ಮುದಿತನ ಎಲ್ಲಿಂದ ಒಳಗೆ ಬರುತ್ತದೆಂದು ಯಾರಿಗೆ ಗೊತ್ತು ಎಂದು ಸುಮ್ಮನಾದಳು. ಕೆಲಸದಲ್ಲಿ ತನ್ನ ಮೇಲೆ ತನಗೇ ಅನುಮಾನ ಬಂದದ್ದು ಅದೇ ಮೊದಲು.

ಮೇಟ್ರನ್ ಕರೆಸಿದಳು, ಕೂಡಲೇ ಬನ್ನಿ ಎಂದು. ಲಾಂಡ್ರಿಯಮ್ಮ ಆ ಕಾರಿನಲ್ಲಿ ಕೂತದ್ದು ಅದೊಂದೇ ಸಲ. ಮಂಡಿ ಹಿಡಿದುಕೊಂಡು, ಬಾವಿಗೆ ಇಳಿಯುವವಳಂತೆ ಇಳಿದು ಕೂತಳು. ಸೀಟು ತೇವವಾಗಿತ್ತು, ಬೆಚ್ಚಗಿತ್ತು. ಚರ್ಮದ ಹೊಲಿಗೆಗಳೊಳಗೆ ವಾರಗಳ ಸೋರಿಕೆ ಇಂಗಿ ಕೂತಿತ್ತು. ದಾರಿಯುದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದಳು.

"ಬೆಲ್ಟು ಹಾಕ್ಕೊಳ್ಳಿ ಅತ್ತೆ."

"ಮುಟ್ಟಲ್ಲ."

ಮೇಟ್ರನ್ ಮೇಜಿನ ಮೇಲೆ ಮಡಿಸಿದ ಚಾದರವೊಂದಿತ್ತು. ಮೇಲ್ಭಾಗ ಹಾಲಿನಂತೆ ಬಿಳಿ. ಮೇಟ್ರನ್ ಅದನ್ನು ತಿರುಗಿಸಿದಳು. ಕೆಳ ಮಡಿಕೆಯಲ್ಲಿ ಅಂಗೈಯಗಲದ ಕಂದು ಕಲೆ. ಅದರ ಅಂಚಿಗೆ ಯಾರದೋ ನರೆಗೂದಲು ಅಂಟಿ ಒಣಗಿತ್ತು.

"ಇದು ನಿಮ್ಮ ಮಡಿಕೆ ತಾನೆ?"

ಅಂಚಿಗೆ ಅಂಚು ಕೂಡಿಸಿ, ಮೂಲೆಯನ್ನು ಒಳಕ್ಕೆ ದೂಡಿದ ಆ ಮಡಿಕೆ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ನಂದೇ," ಎಂದಳು ಲಾಂಡ್ರಿಯಮ್ಮ.

"ಎಂಟನೇ ಮಂಚದ ಅಜ್ಜಿಗೆ ಹಾಸೋಕೆ ಅಂತ ಬಿಡಿಸಿದಾಗ ಸಿಕ್ತು. ಇದೊಂದೇ ಅಲ್ಲ. ಇಷ್ಟು ವರ್ಷದ ಮುಖ ನೋಡಿ ಜೋರಾಗಿ ಮಾತಾಡ್ತಿಲ್ಲ ನಾನು. ಬರೋ ವಾರದಿಂದ ಕೆಲಸ ಕಂಪನಿಯವರಿಗೆ."

"ಹೂಂ."

ಮೇಟ್ರನ್ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದಳು. "ಮಲಗಿದಲ್ಲೇ ಇರೋರ ವಾರ್ಡು ಒಂದಿದೆ. ಕಂಪನಿಯವರು ಒಗೆಯೋಕೆ ಹಾಕೋ ಔಷಧಿಗೆ ಅವರ ಚರ್ಮ ತಡೆಯಲ್ಲ. ಆ ಒಂದನ್ನ ಬೇಕಾದ್ರೆ ನೀವೇ ಮಾಡಿ. ಇನ್ನೊಂದು ಸಾರಿ ಹೀಗಾದ್ರೆ ಅದೂ ಇಲ್ಲ. ಮತ್ತೆ, ಆ ಹಳದಿ ಗಾಡಿ ಗೇಟಿನ ಒಳಗೆ ಬರಕೂಡದು."

ಲಾಂಡ್ರಿಯಮ್ಮ ಚಾದರವನ್ನು ಕಂಕುಳಿಗೆ ಒತ್ತಿಕೊಂಡು ನಡೆದೇ ಹೊರಟಳು. ಅಳಿಯ ಕಾರಿನಲ್ಲಿ ಪಕ್ಕಪಕ್ಕಕ್ಕೇ ಬಂದ. "ಹತ್ತಿ ಅತ್ತೆ, ಜನ ನೋಡ್ತಿದಾರೆ." ಅವಳ ನಡಿಗೆಯ ವೇಗಕ್ಕೆ ಓಡಲು ಆ ಎಂಜಿನ್ನಿಗೆ ಬರುತ್ತಿರಲಿಲ್ಲ. ಗುರ್ರೆನ್ನುತ್ತ, ಜಿಗಿಯುತ್ತ, ನಿಲ್ಲುತ್ತ ಬಂದು, ದಿಬ್ಬದ ಕೆಳಗೆ ಹೊಗೆ ಕಾರಿ ನಿಂತೇಬಿಟ್ಟಿತು. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದವಳೇ ಮುಂದಿನ ಕೋಣೆಯಲ್ಲಿ ಮಂಡಿಯೂರಿದಳು. ಮಡಿಸುವ ಮೇಜಿನ ಕೆಳಗೆ ಕೈಯಾಡಿಸಿದಳು. ನೆಲದ ಮೇಲೆ ಗಂಟಿನಷ್ಟೇ ಗಾತ್ರದ, ಅಂಟಂಟಾದ ಒಂದು ವೃತ್ತ. ಬೆರಳನ್ನು ಮೂಗಿನ ಹತ್ತಿರ ತಂದಳು. ಅವಳ ಮೂಗಿಗೆ ವಯಸ್ಸಾಗಿರಲಿಲ್ಲ. ಒಳಗೆ ಬಂದ ಕೊಳೆಗಂಟು ಇಲ್ಲಿ ಕೂತಿತ್ತು. ಮೇಜಿನ ಅಂಚಿನಿಂದ ಇಳಿಬಿದ್ದ ಶುಚಿ ಚಾದರದ ಕೊನೆ ಅದಕ್ಕೆ ತಾಗುತ್ತಿತ್ತು. ತಾಗಿದ್ದನ್ನು ಅವಳೇ ತನ್ನ ಕೈಯಾರೆ ಒಳಗೆ ಮಡಿಸಿ ಕಳಿಸಿದ್ದಳು.

"ಯಾರು?" ಎಂದಳು.

ಮಗಳು ಹಂಡೆಯ ಮುಂದಿನಿಂದ ಬಂದು ನಿಂತಳು. ಮೊಮ್ಮಗಳು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಅವಳ ಕಣ್ಣು ತುಂಬಿತ್ತು. "ತಾತ," ಎಂದಳು. "ಅವತ್ತೇ ಹೇಳ್ಬೇಕಿತ್ತು ಅಜ್ಜಿ."

ಯಜಮಾನ ಇಸ್ತ್ರಿಯನ್ನು ಮೆಲ್ಲಗೆ ನಿಲ್ಲಿಸಿದ. "ಮಳೆ ಸುರೀತಿತ್ತು. ಅಷ್ಟು ದೂರ ಸುತ್ತಿ ತರೋದು ಅಂದ್ರೆ ಹುಡುಗಂಗೆ ಕಷ್ಟ. ನೀನು ಹಿಂದೆ ಇರ್ತಿದ್ದೆ. ಮುಂಬಾಗಿಲು ತೆಗೆದು ಒಂದು ಗಳಿಗೆ ಇಲ್ಲಿಡು ಅಂದೆ. ಆಮೇಲೆ ನಾನೇ ಹಿಂದಕ್ಕೆ ಸಾಗಿಸ್ತಿದ್ದೆ."

"ಎಷ್ಟು ದಿನದಿಂದ?"

"ಮಳೆ ಹಿಡಿದಾಗಿನಿಂದ."

"ನಾತ ಬರ್ತಿದೆ ಅಂದ್ನಲ್ಲ ನಾನು. ಆಗ ಏನಂದ್ರಿ?"

ಅವನು ಮೇಜಿನ ಮೇಲಿನ ಸುಕ್ಕೊಂದನ್ನು ಅಂಗೈಯಲ್ಲಿ ತೀಡಿದ. ಮೊಟ್ಟೆಯ ಅರ್ಧ, ನಕ್ಕ ಬಾಯಿ, ಗಡ್ಡದ ಎಣ್ಣೆ, ಎಲ್ಲ ಅವಳ ಕಣ್ಣ ಮುಂದೆ ಬಂದವು. ಎಂಥೆಂಥ ಚಾದರ ಬಿಚ್ಚಿದಾಗಲೂ ಏಳದ ಓಕರಿಕೆ ಈಗ ಎದ್ದಿತು. ಅಂಗಳಕ್ಕೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಂದು, ನೆಲ ಉಜ್ಜಲು ಕೂತಳು. ಮಗಳು ಇನ್ನೊಂದು ಬ್ರಷ್ಷು ತಂದು ಪಕ್ಕದಲ್ಲಿ ಕೂತಳು.

ಮುಂದಿನ ವಾರದಿಂದ ಹೆಂಗಸರು ಮೂವರೂ ತರಕಾರಿಯವನ ತಳ್ಳುಗಾಡಿ ಬಾಡಿಗೆಗೆ ಹಿಡಿದರು. ಒಂದೇ ವಾರ್ಡಿನ ಬಟ್ಟೆ. ಹೋಗುವಾಗ ಶುಚಿ, ಬರುವಾಗ ಕೊಳೆ, ನಡುವೆ ಗಾಡಿಗೆ ಬಿಸಿನೀರಿನ ಸ್ನಾನ. ದಿಬ್ಬ ಹತ್ತುವಾಗ ಮೂವರ ಎದೆಯೂ ಹಾರುತ್ತಿತ್ತು. ಒಂದು ಯಂತ್ರವನ್ನು ಮಾರಿದರು. ಊಟದಲ್ಲಿ ಮೊಟ್ಟೆ ಬರುವುದು ನಿಂತಿತು, ಆಲೂಗಡ್ಡೆ ಮಾತ್ರ ಉಳಿಯಿತು.

ಕಾರನ್ನು ಕೊಳ್ಳಲು ಬಂದವರು ಬಾಗಿಲು ತೆಗೆದು, ಮೂಸಿ, ನಮಸ್ಕಾರ ಹೇಳಿ ಹೋದರು.

"ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಅತ್ತೆ," ಎಂದ ಅಳಿಯ ಒಂದು ಸಂಜೆ. "ಗಂಟಿನ ಕಾಟ ಇಲ್ಲ. ಇನ್ನು ಕಾರನ್ನ ಶುಚಿಯಾಗಿ ಇಟ್ಕೋಬಹುದು."

ಲಾಂಡ್ರಿಯಮ್ಮ ಅವನ ಬಾಚಿದ ತಲೆಯನ್ನು, ಬೈತಲೆಯನ್ನು, ನೋಡಿದಳು. ಅವನ ಮೇಲೆ ಅವಳಿಗೆ ಸಿಟ್ಟೂ ಬರಲಿಲ್ಲ. ಮಗಳು ಮಾತ್ರ ಅವನ ತಟ್ಟೆಯನ್ನು ಅರ್ಧದಲ್ಲೇ ಎತ್ತಿಕೊಂಡು ಹೋದಳು.

ಮರುದಿನ ಮಳೆ ಬಿಟ್ಟಿತ್ತು. ಮಾವ ಅಳಿಯ ಇಬ್ಬರೂ ಕಾರನ್ನು ಒಂದು ಸುತ್ತು ಓಡಿಸಿ ತರುತ್ತೇವೆಂದು ಹೋದರು. ದಿನಾ ಓಡಿಸದಿದ್ದರೆ ಅದರ ಆರೋಗ್ಯ ಕೆಡುತ್ತದಲ್ಲ. ದೀಪ ಹಚ್ಚುವ ಹೊತ್ತಿಗೆ ಸದ್ದು ಕೇಳಿಸಿತು, ಲೋಟಗಳು ನಡುಗಿದವು. ಅಳಿಯ ಇನ್ನೊಂದು ಸುತ್ತಿಗೆ ಹೋದ; ಯಜಮಾನ ಒಬ್ಬನೇ ಇಳಿದು ಮುಂಬಾಗಿಲಿಗೆ ಬಂದ. ಮುಖದಲ್ಲಿ ಗಾಳಿ ಹೊಡೆದ ಕೆಂಪು, ಕೈಯಲ್ಲಿ ಮೇಣದ ಡಬ್ಬಿ.

ಬಾಗಿಲಲ್ಲಿ ಲಾಂಡ್ರಿಯಮ್ಮ ನಿಂತಿದ್ದಳು. ಅವಳ ಬೆನ್ನ ಹಿಂದೆ, ಮಡಿಸುವ ಮೇಜಿನ ಮೇಲೆ, ನಾಳಿನ ಚಾದರಗಳು ಬೆಳ್ಳಗೆ ಕೂತಿದ್ದವು.

"ಹಿಂದಿನ ಬಾಗಿಲಿಂದ ಬನ್ನಿ," ಎಂದಳು.

"ಏನೇ ಇದು, ಓಣಿ ತುಂಬ ಕೆಸರು."

"ಗೊತ್ತು."

ಅವನು ನಗಲು ನೋಡಿದ. ಅವಳ ಮುಖ ನೋಡಿ ನಗು ಒಳಗೆಳೆದುಕೊಂಡ. ಬೀದಿಯ ಕೊನೆವರೆಗೆ ಹೋಗಿ, ಚಪ್ಪಲಿ ಅಂಗಡಿ ದಾಟಿ, ಓಣಿ ಹೊಕ್ಕು ಬಂದ. ಕೆಸರಿನಲ್ಲಿ ಅವನ ಕಾಲು ಕಿತ್ತು ಕಿತ್ತು ಇಡುವ ಸದ್ದು ಒಳಗಿನ ಮೂವರಿಗೂ ಕೇಳಿಸುತ್ತಿತ್ತು. ಚಿಲಕ ಅಲುಗಿತು.

ಲಾಂಡ್ರಿಯಮ್ಮ ಹಿಂಬಾಗಿಲನ್ನು ತೆರೆದಳು. ಬಾಗಿಲ ಪಕ್ಕ, ಸೂರಿನಡಿ, ಬಂದ ಗಂಟುಗಳನ್ನು ಇಳಿಸುವ ಕಲ್ಲುಕಟ್ಟೆ ಇತ್ತು. ಅದರ ಮೇಲೆ ಅವನ ದಿಂಬು, ಕಂಬಳಿ, ಒಂದು ತುಂಡು ಒಗೆಯುವ ಸೋಪು ಸಾಲಾಗಿದ್ದವು. ಅವನು ಅವನ್ನು ನೋಡಿದ. ಮೇಣದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಕೈಯಲ್ಲೂ ಹಿಡಿದುಕೊಂಡ. ಕೊನೆಗೆ ಕಟ್ಟೆಯ ತುದಿಯಲ್ಲಿ ಕೂತ.

"ಒಳಗೆ ಯಾವಾಗ ಕರೀತೀಯ?" ಎಂದು ಕೇಳಿದ.

"ನಿಮ್ಮ ಮುಂದೆ ಇನ್ನೂ ಎರಡು ಗಂಟಿದೆ," ಎಂದು ಅವಳು ಹಂಡೆಯ ಕಡೆ ನಡೆದಳು. "ಸರದಿ ಬರ್ಲಿ."